ಹಲಗೆಯ ಕೆಳಗೆ

"ಟ್ರೆಕ್ಸ್ ಹಾಕಿಸ್ಬಿಡಿ ಸಾರ್, ಆಮೇಲೆ ಇಪ್ಪತ್ತೈದು ವರ್ಷ ತಿರುಗಿ ನೋಡೋ ಹಾಗೇ ಇಲ್ಲ." ಶಿಕಾಗೊದ ಪಶ್ಚಿಮಕ್ಕೆ ನೇಪರ್‌ವಿಲ್, ಅರೋರಾ, ಪ್ಲೇನ್‌ಫೀಲ್ಡ್ ಕಡೆಯ ಕನ್ನಡದ ಮನೆಗಳಲ್ಲಿ ಹಿತ್ತಿಲಿಗೆ ಡೆಕ್, ಅಂದರೆ ಹಲಗೆ ಹಾಸಿದ ತೆರೆದ ಜಗಲಿ, ಕಟ್ಟಿಸುವ ಪ್ರಸ್ತಾಪ ಬಂದಾಗಲೆಲ್ಲ ಕಿವಿಗೆ ಬೀಳುವ ಮಾತಿದು. ಬೇಸಿಗೆಯ ಪಿಕ್ನಿಕ್ಕಿನಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಿಂತವರು ಹೇಳುತ್ತಾರೆ. ಕಂಟ್ರಾಕ್ಟರ್ ಹೇಳುತ್ತಾನೆ. ಮನೆ ಮಾರಿಸುವ ಏಜೆಂಟರೂ ಹೇಳುತ್ತಾರೆ. ಅದರ ಹಿಂದೆಯೇ ಇನ್ನೆರಡು ಉಪದೇಶ ಬರುತ್ತವೆ: ಕಟ್ಟುವುದಾದರೆ ಜಾಗ ಇದ್ದಷ್ಟೂ ದೊಡ್ಡದು ಕಟ್ಟಿ; ಅಡುಗೆಮನೆಯ ಜಾರುಬಾಗಿಲು ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಕಟ್ಟಿ. ಈ ಮೂರನ್ನೂ ನಾನು ನಂಬಿದ್ದೆ. ಈಗ ಒಂದನ್ನೂ ನಂಬುವುದಿಲ್ಲ. ಅದರಲ್ಲೂ "ತಿರುಗಿ ನೋಡುವುದು ಬೇಡ" ಎಂಬ ಭರವಸೆಯನ್ನು ನಂಬಿದರೆ ಮೈಮೂಳೆ ಮುರಿಯಬಹುದು, ಜೀವವೇ ಹೋಗಬಹುದು. ಹಾಗಾಗಿ ಅದರಿಂದಲೇ ಶುರುಮಾಡುತ್ತೇನೆ.

ನಾವು ಕೊಂಡ ಮನೆ 1990ರ ದಶಕದ ಕೊನೆಯದು. ಹಿಂದುಗಡೆ ಹದಿನಾರಕ್ಕೆ ಹನ್ನೆರಡು ಅಡಿಯ ಡೆಕ್, ನೆಲದಿಂದ ಮೂರಡಿ ಎತ್ತರ. ಟ್ರೆಕ್ಸ್ ಬಗೆಯ, ಮರದ ಹೊಟ್ಟಿಗೆ ಪ್ಲಾಸ್ಟಿಕ್ ಬೆರೆಸಿ ಮಾಡಿದ ಗಾಢ ಕಂದು ಬಣ್ಣದ ಕಾಂಪೋಸಿಟ್ ಹಲಗೆ, ಒಂದು ಗೀರೂ ಇಲ್ಲ. ಹಿಂದಿನ ಮಾಲೀಕರು ಹಳೆಯ ಮರದ ಹಲಗೆ ಕೀಳಿಸಿ, ಹಳೆಯ ಚೌಕಟ್ಟಿನ ಮೇಲೇ ಹೊಸ ಹಲಗೆ ಹೊದಿಸಿದ್ದರು. ಮನೆ ನೋಡಲು ಬಂದ ದಿನ ನಾನು ಮೊದಲು ಮೆಚ್ಚಿದ್ದು ಅದನ್ನೇ. ನಾಲ್ಕನೆಯ ಬೇಸಿಗೆಯಲ್ಲಿ ಬೇಸ್‌ಮೆಂಟಿನ ಗೋಡೆಯ ತುದಿಯಲ್ಲಿ ಒದ್ದೆಯ ಕಲೆ ಕಾಣಿಸಿತು. ಆಗ ತೀರ್ಥಹಳ್ಳಿಯಿಂದ ಅಪ್ಪ ಅಮ್ಮ ಬಂದಿದ್ದರು. ಅಪ್ಪ ಗೋಡೆಯ ಮೇಲೆ ಕೈಯಾಡಿಸಿ, "ಇದು ಹೊರಗಿಂದ ಇಳೀತಿರೋ ನೀರು ಕಣೋ, ಅಡಿಗೆ ಹೋಗಿ ನೋಡು" ಅಂದರು. ಡೆಕ್ಕಿನ ಕೆಳಗೆ ನುಗ್ಗಿ, ಅಂಗಾತ ಮಲಗಿ, ಟಾರ್ಚ್ ಬಿಟ್ಟು, ಮನೆಗೆ ಅಂಟಿಕೊಂಡಿದ್ದ ಉದ್ದನೆಯ ಹಲಗೆಗೆ ಸ್ಕ್ರೂಡ್ರೈವರ್ ಒತ್ತಿದೆ. ಹಿಡಿಯವರೆಗೂ ಒಳಗೆ ಹೋಯಿತು. ಸದ್ದೇ ಆಗಲಿಲ್ಲ. ಎಳೆದರೆ ತುದಿಗೆ ಮೆತ್ತಿಕೊಂಡು ಬಂದದ್ದು ಕಾಫಿ ಸೋಸಿದ ಮೇಲೆ ಉಳಿಯುವ ಚರಟದಂಥ ಕಪ್ಪು ಪುಡಿ. ನಮ್ಮ ಕಡೆ ಇಂಥ ಮರಕ್ಕೆ ಕುಂಬಾಗಿದೆ ಅನ್ನುತ್ತಾರೆ. ಹಿಂದಿನ ಶನಿವಾರವಷ್ಟೇ ಮಗಳ ಹುಟ್ಟುಹಬ್ಬಕ್ಕೆ ಬಂದ ಮೂವತ್ತು ಜನ ಅದರ ಮೇಲೆ ನಿಂತು ಕೇಕ್ ತಿಂದಿದ್ದರು.

ಆ ಉದ್ದನೆಯ ಹಲಗೆಗೆ ಇಲ್ಲಿ ಲೆಡ್ಜರ್ ಎನ್ನುತ್ತಾರೆ. ಡೆಕ್ಕಿನ ಜಂತೆಗಳ ಒಂದು ತುದಿ ಲೆಡ್ಜರಿಗೆ, ಇನ್ನೊಂದು ತುದಿ ಆಚೆಯ ತೊಲೆಗೆ. ತೊಲೆಯನ್ನು ಕಂಬಗಳು ಹೊರುತ್ತವೆ. ಇಲ್ಲಿನ ವಸತಿ ಕಟ್ಟಡ ನಿಯಮದಲ್ಲಿ ಡೆಕ್ಕಿಗೆ ಚದರಡಿಗೆ 40 ಪೌಂಡ್ ಭಾರದ ಲೆಕ್ಕವಿದೆ. ನಮ್ಮದು 192 ಚದರಡಿ. ಅಂದರೆ 7,680 ಪೌಂಡ್, ಮೂರೂವರೆ ಟನ್ನಿನ ಹತ್ತಿರ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಲೆಡ್ಜರಿನ ಪಾಲು. ಇದನ್ನು ಅರ್ಧ ಇಂಚಿನ ಬೋಲ್ಟ್ ಇಲ್ಲವೇ ಲ್ಯಾಗ್ ಸ್ಕ್ರೂ ಹಾಕಿ ಮನೆಯ ಅಂಚಿನ ಜಂತೆಗೆ ಬಿಗಿಯಬೇಕು. ಬರೀ ಮೊಳೆ ಸಾಲದು, ಏಕೆಂದರೆ ಭಾರ ಬಿದ್ದಂತೆಲ್ಲ ಮೊಳೆ ಸ್ವಲ್ಪಸ್ವಲ್ಪವಾಗಿ ಹೊರಕ್ಕೆ ಸರಿಯುತ್ತದೆ. ಲೆಡ್ಜರಿನ ನೆತ್ತಿಯ ಮೇಲೆ ಫ್ಲ್ಯಾಶಿಂಗ್ ಎಂಬ ಮಡಚಿದ ಪಟ್ಟಿ ಕೂರಬೇಕು. ಗೋಡೆಯ ಹೊರಮೈಯ ಸೈಡಿಂಗಿನ ಹಿಂದಿನಿಂದ ಹೊರಟು, ಲೆಡ್ಜರಿನ ಮೇಲೆ ಬಾಗಿ ಇಳಿದರೆ ಗೋಡೆಯ ಮೇಲೆ ಹರಿದ ಮಳೆನೀರು ಹೊರಕ್ಕೆ ಬೀಳುತ್ತದೆ. ನಮ್ಮ ಮನೆಯಲ್ಲಿ ಸೈಡಿಂಗನ್ನು ಕತ್ತರಿಸದೆ ಅದರ ಮೇಲೇ ಲೆಡ್ಜರ್ ಬಡಿದಿದ್ದರು. ಫ್ಲ್ಯಾಶಿಂಗ್ ಇರಲೇ ಇಲ್ಲ. ಇಪ್ಪತ್ತು ವರ್ಷದ ಮಳೆ, ಕರಗಿದ ಹಿಮ ಎಲ್ಲವೂ ಆ ಸಂದಿಯಲ್ಲಿ ಇಳಿದು ಲೆಡ್ಜರನ್ನೂ ಅದರ ಹಿಂದಿನ ಮನೆಯ ಜಂತೆಯನ್ನೂ ತಿಂದಿತ್ತು. ಹೊಸ ಹಲಗೆ ಹಾಕಲು ಬಂದವನಿಗೆ ಇದು ಕಾಣದೇ ಇರಲು ಸಾಧ್ಯವಿಲ್ಲ. ಅವನು ಅದನ್ನು ಮುಚ್ಚಿ ಹೋದ. ಅವನ ಹಲಗೆಗಳು ಇಂದಿಗೂ ಹೊಸದಾಗಿಯೇ ಇವೆ.

ಡೆಕ್, ಪೋರ್ಚ್, ಬಾಲ್ಕನಿಗಳು ಬಿದ್ದ ಸುದ್ದಿ ಇಲ್ಲಿ ಪ್ರತಿ ಬೇಸಿಗೆ ಒಂದಲ್ಲ ಒಂದು ಕಡೆಯಿಂದ ಬರುತ್ತದೆ. 2003ರ ಜೂನ್ 29ರಂದು ಶಿಕಾಗೊದ ಲಿಂಕನ್ ಪಾರ್ಕಿನಲ್ಲಿ ಮೂರಂತಸ್ತಿನ ಮರದ ಪೋರ್ಚ್ ಕುಸಿದು 13 ಮಂದಿ ಯುವಕ ಯುವತಿಯರು ಸತ್ತರು. ಅದನ್ನು ಪರವಾನಗಿಯಿಲ್ಲದೆ, ಮಿತಿ ಮೀರಿ ದೊಡ್ಡದಾಗಿ ಕಟ್ಟಲಾಗಿತ್ತು ಎಂದು ನಗರಾಡಳಿತ ಹೇಳಿತು. 2015ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಐದನೆಯ ಮಹಡಿಯ ಬಾಲ್ಕನಿ ಕಳಚಿ ಆರು ಜನ ತೀರಿಕೊಂಡರು. ಆ ಕಟ್ಟಡಕ್ಕೆ ಹತ್ತು ವರ್ಷವೂ ತುಂಬಿರಲಿಲ್ಲ. ನೀರು ಒಳಗೇ ಉಳಿದು ಜಂತೆಗಳು ಕೊಳೆತಿದ್ದವು. ಈ ಎರಡು ದುರಂತಗಳಲ್ಲೂ ಕಾಲಡಿಯ ಹಲಗೆ ಸವೆದದ್ದರಿಂದ ಯಾರೂ ಸಾಯಲಿಲ್ಲ. ಆದರೂ ಡೆಕ್ ಕಟ್ಟಿಸುವವರ ಮಾತುಕತೆಯಲ್ಲಿ ನೂರರಲ್ಲಿ ತೊಂಬತ್ತು ಪಾಲು ಹಲಗೆಯದ್ದೇ. ಯಾವ ಬಣ್ಣ, ಯಾವ ನಮೂನೆ, ಮರದ ಗೆರೆ ಎಷ್ಟು ನಿಜವೆನಿಸುತ್ತದೆ, ವಾರಂಟಿ ಎಷ್ಟು ವರ್ಷ.

ವಾರಂಟಿಯನ್ನೇ ನೋಡೋಣ. ಇಂದಿನ ಕಾಂಪೋಸಿಟ್ ಹಲಗೆಗಳಿಗೆ 25ರಿಂದ 50 ವರ್ಷದ ವಾರಂಟಿ ಕೊಡುತ್ತಾರೆ. ಅದು ಹಲಗೆಗೆ ಮಾತ್ರ. ಹಲಗೆಯ ಕೆಳಗಿನ ಜಂತೆ, ತೊಲೆ, ಕಂಬ, ಲೆಡ್ಜರ್ ಎಲ್ಲವೂ ಅದೇ ಹಳೆಯ ಔಷಧ ಕುಡಿಸಿದ ಪೈನ್ ಮರ, ಇಲ್ಲಿಯವರು ಪ್ರೆಷರ್ ಟ್ರೀಟೆಡ್ ಅನ್ನುವುದು. ಐವತ್ತು ವರ್ಷ ಬಾಳುವ ಚಪ್ಪರದ ಬಟ್ಟೆಯನ್ನು ಇಪ್ಪತ್ತು ವರ್ಷ ಬಾಳುವ ಬಿದಿರಿಗೆ ಕಟ್ಟಿದ ಹಾಗಾಯಿತು. ಒಳ್ಳೆಯ ಕೆಲಸಗಾರ ಕಟ್ಟಿದ ಚೌಕಟ್ಟು ಇಪ್ಪತ್ತಕ್ಕಿಂತ ಹೆಚ್ಚೇ ಬಾಳೀತು, ಒಪ್ಪುತ್ತೇನೆ. ಆದರೆ ಆ ಒಳ್ಳೆಯ ಕೆಲಸ ಯಾವುದು ಎಂದು ಕೇಳುವವರೇ ಇಲ್ಲವಲ್ಲ.

ಟ್ರೆಕ್ಸ್ ಎನ್ನುವುದು ಒಂದು ಕಂಪನಿಯ ಹೆಸರು. ವನಸ್ಪತಿಗೆಲ್ಲ ನಾವು ಡಾಲ್ಡಾ ಅಂದ ಹಾಗೆ ಇಲ್ಲಿ ಕಾಂಪೋಸಿಟ್ಟಿಗೆಲ್ಲ ಅದೇ ಹೆಸರು. 1996ರಲ್ಲಿ ವರ್ಜೀನಿಯಾದಲ್ಲಿ, ಮೊಬಿಲ್ ತೈಲ ಕಂಪನಿಯ ಒಂದು ವಿಭಾಗದಿಂದ ಹುಟ್ಟಿದ್ದು. ಮರದ ಹೊಟ್ಟು ಮತ್ತು ಬಳಸಿ ಬಿಟ್ಟ ಪ್ಲಾಸ್ಟಿಕ್ ಹಾಳೆ, ಚೀಲಗಳನ್ನು ಕಾಯಿಸಿ ಬೆರೆಸಿ ಹಲಗೆ ಎಳೆಯುವ ಯೋಚನೆ. ಯೋಚನೆ ಒಳ್ಳೆಯದೇ, ಕಸ ಕೆಲಸಕ್ಕೆ ಬಂತು. ಈ ಉದ್ಯಮದ ಮೊದಲ ತಲೆಮಾರಿನ ಹಲಗೆಗಳು ಬಣ್ಣಗೆಟ್ಟವು, ಬೂಷ್ಟು ಹಿಡಿದವು. 2010ರ ಆಸುಪಾಸಿನಿಂದ ಹಲಗೆಯ ಸುತ್ತ ಗಟ್ಟಿ ಪ್ಲಾಸ್ಟಿಕ್ಕಿನ ಕವಚ ಹೊದಿಸಲು ತೊಡಗಿದ ಮೇಲೆ ಗುಣಮಟ್ಟ ನಿಜವಾಗಿಯೂ ಸುಧಾರಿಸಿದೆ. ಅದನ್ನು ಅಲ್ಲಗಳೆಯುವುದಿಲ್ಲ. ಕಾಂಪೋಸಿಟ್ಟಿನಲ್ಲಿ ಸಿಬಿರು ಏಳುವುದಿಲ್ಲ. ಅಂಬೆಗಾಲಿಡುವ ಮಗು ಇರುವ ಮನೆಗೆ, ಬಗ್ಗಿ ಕೆಲಸ ಮಾಡಲಾಗದ ಹಿರಿಯರ ಮನೆಗೆ, ಈಜುಕೊಳದ ಅಂಚಿಗೆ ಅದೇ ಸರಿ. ಅಂಥವರು ಕೊಳ್ಳಲಿ. ನನ್ನ ತಕರಾರು ಎಲ್ಲರಿಗೂ ಅದೇ ಸರಿ ಎನ್ನುವುದರ ಬಗ್ಗೆ.

ಬಿಸಿಲಿನ ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಜುಲೈ ತಿಂಗಳ ಒಂದು ಮಧ್ಯಾಹ್ನ ಅಮ್ಮ ಅಕ್ಕಿಸಂಡಿಗೆ ಹಿಟ್ಟು ಕಾಯಿಸಿ, ಹಳೆಯ ಪಂಚೆ ಹೆಗಲ ಮೇಲೆ ಹಾಕಿಕೊಂಡು ಬರಿಗಾಲಲ್ಲಿ ಡೆಕ್ಕಿಗೆ ಹೊರಟರು. ಎರಡು ಹೆಜ್ಜೆ ಇಟ್ಟವರು ಪಾತ್ರೆಯ ಸಮೇತ ಒಳಕ್ಕೆ ಬಂದುಬಿಟ್ಟರು. "ಕಾವಲಿ ಮೇಲೆ ಕಾಲಿಟ್ಟ ಹಾಗಾಯ್ತು ಮಾರಾಯ, ಇದರ ಮೇಲೆ ಹೆಂಗೆ ಓಡಾಡ್ತೀರಿ?" ಅಂಗಾಲು ಕೆಂಪಾಗಿತ್ತು. ಆಮೇಲೆ ಚಪ್ಪಲಿ ಹಾಕಿಕೊಂಡು ಹೋಗಿ ಪಂಚೆ ಹಾಸಿ ಸಂಡಿಗೆ ಇಟ್ಟರು, ಅದು ಒಂದೇ ದಿನಕ್ಕೆ ಗಲಗಲ ಒಣಗಿತು ಅನ್ನುವುದೂ ನಿಜ. ಮರವೂ ಬಿಸಿಲಿಗೆ ಕಾಯುತ್ತದೆ. ಆದರೆ ಗಾಢ ಬಣ್ಣದ ಕಾಂಪೋಸಿಟ್ ಹೀರಿದ ಬಿಸಿಯನ್ನು ಹಿಡಿದಿಟ್ಟುಕೊಂಡು ಕಾಲಿಗೆ ಕೊಡುವ ಬಗೆ ಬೇರೆ. ಅಂಗಡಿಯಲ್ಲಿ ಅಂಗೈ ಅಗಲದ ಮಾದರಿ ತುಂಡನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಿ ಬಣ್ಣ ಆರಿಸುತ್ತೇವೆ. ಆ ತುಂಡನ್ನು ಮನೆಗೆ ತಂದು, ಜುಲೈ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಹಿತ್ತಿಲ ಬಿಸಿಲಲ್ಲಿಟ್ಟು, ಅದರ ಮೇಲೆ ಬರಿಗಾಲಿಟ್ಟು ನೋಡಿ ಆರಿಸಬೇಕಾದದ್ದು.

ಇನ್ನೊಂದು ಸಂಗತಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಕಾಂಪೋಸಿಟ್ ಹಲಗೆಗಳ ಅಂಚಿನಲ್ಲಿ ಉದ್ದಕ್ಕೂ ತೋಡು ಕೊರೆದಿರುತ್ತಾರೆ. ಆ ತೋಡಿನೊಳಗೆ ಕ್ಲಿಪ್ ಕೂರಿಸಿ ಜಂತೆಗೆ ಬಿಗಿಯುತ್ತಾರೆ. ಮೇಲೆ ಒಂದು ಸ್ಕ್ರೂ ತಲೆಯೂ ಕಾಣದೆ ನುಣ್ಣಗೆ ಇರುತ್ತದೆ, ಅದಕ್ಕಾಗಿಯೇ ಜನ ಹೆಚ್ಚು ದುಡ್ಡು ಕೊಡುತ್ತಾರೆ. ಆದರೆ ಒಂದು ಹಲಗೆಯ ಕ್ಲಿಪ್ಪನ್ನು ಪಕ್ಕದ ಹಲಗೆ ಹಿಡಿದಿರುತ್ತದೆ. ಗೋಡೆಯ ಪಕ್ಕದ ಹಲಗೆ ಎತ್ತಿ ಲೆಡ್ಜರ್ ನೋಡೋಣ ಎಂದು ಹೊರಟ ನಾನು ಆಚೆಯ ಅಂಚಿನಿಂದ ಒಂದೊಂದಾಗಿ ಇಪ್ಪತ್ತೈದು ಹಲಗೆ ಬಿಚ್ಚಬೇಕಾಯಿತು. ಎರಡು ವಾರಾಂತ್ಯ ಹಿಡಿಯಿತು. ನೋಡಬೇಕಾದ ಜಾಗವನ್ನೇ ನೋಡಲಾಗದ ಹಾಗೆ ಮುಚ್ಚುವ ವಿನ್ಯಾಸ ಇದು. ಮೇಲಿನಿಂದ ಎರಡೆರಡು ಸ್ಕ್ರೂ ಹಾಕಿದ ಹಲಗೆಯಾದರೆ ಐದು ನಿಮಿಷದಲ್ಲಿ ಎತ್ತಿ, ಕೆಳಗೆ ಕಣ್ಣಾಡಿಸಿ, ಮತ್ತೆ ಕೂರಿಸಬಹುದು. ಸ್ಕ್ರೂ ತಲೆಗಳು ಕಾಣುತ್ತವೆ ಎಂದು ಮುಖ ಸಿಂಡರಿಸುವವರಿಗೆ ನಾನು ಹೇಳುವುದು, ಅವು ಕಾಣಲಿ. ಕಂಡದ್ದನ್ನು ಬಿಚ್ಚಬಹುದು.

ಮರದ ಮೇಲಿನ ಆರೋಪಗಳು ನಮ್ಮವರಲ್ಲಿ ಬಹಳ ಹಳೆಯವು. ಔಷಧ ಕುಡಿಸಿದ ಮರ ವಿಷ ಎನ್ನುತ್ತಾರೆ. ಒಂದು ಕಾಲಕ್ಕೆ ಅದರಲ್ಲಿ ಹುರುಳಿತ್ತು. 2003ರ ಕೊನೆಯ ತನಕ ಮನೆಬಳಕೆಯ ಮರಕ್ಕೆ ಕ್ರೋಮಿಯಮ್, ತಾಮ್ರ ಮತ್ತು ಆರ್ಸೆನಿಕ್ ಸೇರಿದ ದ್ರಾವಣ ಕುಡಿಸುತ್ತಿದ್ದರು. ಆಮೇಲೆ ಅದನ್ನು ಮನೆಗಳಿಗೆ ಬಳಸುವುದು ನಿಂತಿತು. ಈಗಿನದು ಮುಖ್ಯವಾಗಿ ತಾಮ್ರದ ಔಷಧ. ಆರ್ಸೆನಿಕ್ ಕಾಲದ ಡೆಕ್ ಇರುವವರು ಹಲಗೆ ಉಜ್ಜಿ ಪುಡಿ ಮಾಡಬಾರದು, ತುಂಡುಗಳನ್ನು ಬೆಂಕಿಗೆ ಹಾಕಬಾರದು, ಅಷ್ಟು ಎಚ್ಚರ ಬೇಕು. ಹೊಸ ಮರವನ್ನೂ ಒಲೆಗೆ ಹಾಕಬೇಡಿ. ಆದರೆ ತಾಮ್ರ ಹೆಚ್ಚಿದ್ದರಿಂದ ಇನ್ನೊಂದು ತೊಂದರೆ ಬಂತು: ಸಾದಾ ಉಕ್ಕಿನ ಮೊಳೆ, ಸ್ಕ್ರೂಗಳನ್ನು ಈ ಮರ ತಿನ್ನುತ್ತದೆ. ಸತುವಿನಲ್ಲಿ ಬಿಸಿಯಾಗಿ ಅದ್ದಿ ತೆಗೆದದ್ದು ಇಲ್ಲವೇ ಸ್ಟೇನ್‌ಲೆಸ್ ಬೇಕು. ಅಲ್ಯೂಮಿನಿಯಮ್ ಫ್ಲ್ಯಾಶಿಂಗ್ ಅದಕ್ಕೆ ತಾಗಬಾರದು.

ಮರ ಕೊಳ್ಳುವಾಗ ಹಲಗೆಯ ತುದಿಗೆ ಪಿನ್ ಹೊಡೆದ ಒಂದು ಚಿಕ್ಕ ಪ್ಲಾಸ್ಟಿಕ್ ಚೀಟಿ ಇರುತ್ತದೆ. ಎಲ್ಲರೂ ಬೆಲೆಚೀಟಿ ಓದುತ್ತಾರೆ, ಇದನ್ನು ಓದುವುದಿಲ್ಲ. ನೆಲಕ್ಕೆ ತಾಗಿದರೂ ತಡೆಯುವಷ್ಟು ಔಷಧ ಕುಡಿದದ್ದೋ, ನೆಲದಿಂದ ಮೇಲೆ ಮಾತ್ರ ಬಳಸುವಂಥದ್ದೋ ಎಂದು ಅದರಲ್ಲಿದೆ. 2016ರಿಂದ ಇಲ್ಲಿನ ಮಾನದಂಡವೇ ಬದಲಾಗಿ, ಮುಂದೆ ಬದಲಿಸಲು ಕಷ್ಟವಾದ ಜಂತೆ, ತೊಲೆಗಳಿಗೆ ನೆಲದ ಮೇಲಿದ್ದರೂ ಮೊದಲನೆಯದನ್ನೇ ಬಳಸಬೇಕು ಎಂದಾಯಿತು. ಔಷಧ ಮರದ ನಡುವಿನ ತನಕ ಯಾವಾಗಲೂ ಇಳಿದಿರುವುದಿಲ್ಲ. ಹಾಗಾಗಿ ಗರಗಸ ಹಾಕಿದ ಪ್ರತಿ ತುದಿಗೂ ತಾಮ್ರದ ಹಸಿರು ದ್ರಾವಣವನ್ನು ಬ್ರಷ್ಷಿನಲ್ಲಿ ಬಳಿಯಬೇಕು. ಒಂದು ಡಬ್ಬ ಒಂದು ಡೆಕ್ಕಿಗೆ ಸಾಕು. ಆ ಡಬ್ಬ ಇಲ್ಲದೆ ಕೆಲಸಕ್ಕೆ ಬಂದ ಬಡಗಿಗಳನ್ನು ನಾನು ಕಂಡಿದ್ದೇನೆ. ಜಂತೆಗಳ ನೆತ್ತಿಗೆ ಅಂಟುಪಟ್ಟಿ ಹಚ್ಚಿದರೆ ಸ್ಕ್ರೂ ತೂತಿನಲ್ಲಿ ನೀರು ಇಳಿಯುವುದು ತಪ್ಪುತ್ತದೆ. ಇದು ಒಂದು ಸಂಜೆಯ ಕೆಲಸ. ಕಾಂಪೋಸಿಟ್ಟಿಗೆ ಸಾವಿರಾರು ಡಾಲರ್ ಹೆಚ್ಚು ಕೊಡಲು ತಯಾರಿರುವವರು ಈ ಎರಡಕ್ಕೆ ಹಣ ಎತ್ತಿಡಲಿ ಎಂದು ಕೈಮುಗಿದು ಕೇಳುತ್ತೇನೆ.

ಪ್ರತಿ ವರ್ಷ ಬಣ್ಣ ಹೊಡೆಯಬೇಕು ಎನ್ನುವ ಭಯ ಬಂದದ್ದು ತಪ್ಪು ಬಣ್ಣ ಹೊಡೆದವರಿಂದ. ಹೊಸದಾಗಿ ತಂದ ಟ್ರೀಟೆಡ್ ಮರ ಇನ್ನೂ ಹಸಿ ಇರುತ್ತದೆ. ಅದಕ್ಕೆ ಕೂಡಲೇ ದಪ್ಪ ಪದರದ ಬಣ್ಣ ಬಳಿದರೆ ಒಳಗಿನ ನೀರು ಅದನ್ನು ಗುಳ್ಳೆಯೆಬ್ಬಿಸಿ ಸುಲಿಯುತ್ತದೆ. ಸುಲಿದದ್ದನ್ನು ಕೆರೆದು ಮತ್ತೆ ಬಳಿಯುವುದೇ ನರಕ. ಕೆಲವು ತಿಂಗಳು ಒಣಗಲು ಬಿಡಿ. ಹನಿ ನೀರು ಹಾಕಿದರೆ ಹೀರಿಕೊಳ್ಳಬೇಕು, ಮೇಲೆ ಮುತ್ತಿನಂತೆ ನಿಲ್ಲಬಾರದು. ಆಮೇಲೆ ಮರದೊಳಗೆ ಇಳಿಯುವ ಎಣ್ಣೆ ಬಗೆಯ ಸ್ಟೇನ್ ಹಚ್ಚಿದರೆ ಅದು ಸುಲಿಯುವುದಿಲ್ಲ, ಮೆಲ್ಲಗೆ ಮಾಸುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಒಂದು ಶನಿವಾರ ತೊಳೆಯಲು, ಇನ್ನೊಂದು ಶನಿವಾರ ಬಳಿಯಲು. ಆ ಎರಡು ದಿನ ಮಂಡಿಯೂರಿ ಪ್ರತಿ ಹಲಗೆಯ ಮೇಲೂ ಕೈಯಾಡಿಸುತ್ತೀರಿ. ಎಲ್ಲಿ ಮೆತ್ತಗಾಗಿದೆ, ಎಲ್ಲಿ ಸ್ಕ್ರೂ ಎದ್ದಿದೆ, ಯಾವ ಕಂಬ ಅಲುಗಾಡುತ್ತಿದೆ ಎಂದು ಕೈಗೇ ತಿಳಿಯುತ್ತದೆ. ಈ ತಿಳಿವಳಿಕೆಯನ್ನು ತಲೆನೋವು ಎಂದು ಕರೆದು ಅದರಿಂದ ಬಿಡುಗಡೆ ಮಾರುತ್ತಾರೆ. ಮನೆಯನ್ನು ಮುಟ್ಟಿ ನೋಡದೆ ಇಟ್ಟುಕೊಳ್ಳುವುದು ನೆಮ್ಮದಿ ಹೇಗಾದೀತು?

ದುಡ್ಡಿದ್ದವರು ಈಪೆ ಎಂಬ ಗಟ್ಟಿಮರದತ್ತ ನೋಡುತ್ತಾರೆ. ಅಮೆಜಾನ್ ಕಾಡಿನದು, ಪೈನ್‌ಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಗಟ್ಟಿ, ನೀರಿಗೆ ಹಾಕಿದರೆ ತೇಲುವುದೇ ಕಷ್ಟ ಎನ್ನುವಷ್ಟು ಭಾರ. ಬೆಂಗಳೂರಿನವರಿಗೆ ಈ ಬಳಗದ ಪರಿಚಯವಿದೆ. ಜನವರಿ ಬಂತೆಂದರೆ ಕಬ್ಬನ್ ಪಾರ್ಕಿನಲ್ಲಿ, ಜಯನಗರದ ರಸ್ತೆಗಳಲ್ಲಿ ಎಲೆಯೆಲ್ಲ ಉದುರಿಸಿ ಗುಲಾಬಿ ಹೂವಾಗುವ ಟಬೆಬುಯಾಗಳ ಹತ್ತಿರದ ನೆಂಟ ಇದು. ಅದರ ಮೇಲಿನ ಕೊಡಲಿ ಹೆಚ್ಚಾಗಿ, 2022ರಲ್ಲಿ ಪನಾಮಾದಲ್ಲಿ ನಡೆದ ವನ್ಯಜೀವಿ ವ್ಯಾಪಾರ ಒಪ್ಪಂದದ ಸಭೆ ಈ ಮರಗಳ ಮಾರಾಟಕ್ಕೆ ಪರವಾನಗಿಯ ಕಟ್ಟು ಹಾಕಿತು. 2024ರ ನವೆಂಬರ್‌ನಿಂದ ಅದು ಜಾರಿಯಲ್ಲಿದೆ. ಆ ಹೂವು ನೋಡಿ ಬೆಳೆದ ನನಗೆ, ನಾಲ್ಕು ಕುರ್ಚಿ ಹಾಕುವ ಜಾಗಕ್ಕೆ ನೂರಾರು ವರ್ಷ ನಿಂತ ಮರ ಬೇಡ ಅನ್ನಿಸುತ್ತದೆ. ಮರ ಎಂದರೆ ಕಾಡುನಾಶ, ಕಾಂಪೋಸಿಟ್ ಎಂದರೆ ಪರಿಸರ ಎನ್ನುವವರಿಗೂ ಒಂದು ಮಾತು. ಡೆಕ್ಕಿಗೆ ಬರುವ ದಕ್ಷಿಣದ ಪೈನ್ ಬಹುಮಟ್ಟಿಗೆ ನೆಟ್ಟು ಬೆಳೆಸಿದ ತೋಪಿನದು. ಹೊಟ್ಟು ಮತ್ತು ಪ್ಲಾಸ್ಟಿಕ್ ಬೆರೆಸಿದ ಹಲಗೆಯನ್ನು ಕೊನೆಗೆ ಬೇರ್ಪಡಿಸಿ ಮತ್ತೆ ಬಳಸುವುದು ಸುಲಭವಲ್ಲ. ಸೀಡರ್ ಕೂಡ ಒಳ್ಳೆಯ ಆಯ್ಕೆ, ಅದರ ಕೆಂಪು ಚೇಗು ತಾನಾಗಿಯೇ ಕೊಳೆತ ತಡೆಯುತ್ತದೆ; ಮೆತ್ತನೆಯ ಮರ, ಕುರ್ಚಿ ಎಳೆದರೆ ಗುರುತು ಬೀಳುತ್ತದೆ ಅಷ್ಟೆ.

ಮಾರುವಾಗ ಬೆಲೆ ಬರುತ್ತದೆ ಎಂಬ ವಾದಕ್ಕೆ ಹೆಚ್ಚು ಜಾಗ ಬೇಡ. ಮನೆ ನವೀಕರಣದ ಖರ್ಚು ಮತ್ತು ಮರಳುವ ಬೆಲೆಯನ್ನು ಹೋಲಿಸಿ ಇಲ್ಲಿ ಪ್ರತಿ ವರ್ಷ ಒಂದು ವರದಿ ಬರುತ್ತದೆ. 2024ರದ್ದರಲ್ಲಿ ಮರದ ಡೆಕ್ಕಿಗೆ ಹಾಕಿದ ಹಣದಲ್ಲಿ ಸುಮಾರು ಶೇ 83 ಮರಳಿದರೆ ಕಾಂಪೋಸಿಟ್ಟಿನದು ಸುಮಾರು ಶೇ 68. ಏಜೆಂಟರು ಈ ಅಂಕಿಯನ್ನು ಹೇಳಿದ್ದು ನಾನು ಕೇಳಿಲ್ಲ.

ಈಗ ಎತ್ತರ ಮತ್ತು ಅಳತೆಯ ವಿಷಯ. ಇಂದಿನ ಡೆಕ್ ಹಬ್ಬಿದ್ದು ಕ್ಯಾಲಿಫೋರ್ನಿಯಾದಿಂದ. ಥಾಮಸ್ ಚರ್ಚ್ ಎಂಬ ಉದ್ಯಾನ ವಿನ್ಯಾಸಕಾರ 1948ರಲ್ಲಿ ಸೊನೋಮಾದ ಗುಡ್ಡದ ಮೇಲೆ ಡೊನೆಲ್ ಕುಟುಂಬಕ್ಕೆ ಮಾಡಿದ ತೋಟ ಪ್ರಸಿದ್ಧವಾಯಿತು. ಅಲ್ಲಿ ರೆಡ್‌ವುಡ್ ಹಲಗೆಯ ಡೆಕ್ಕಿನಲ್ಲಿ ತೂತು ಬಿಟ್ಟು ಓಕ್ ಮರಗಳನ್ನು ಹಾಗೇ ಬೆಳೆಯಲು ಬಿಟ್ಟಿದ್ದಾರೆ. ಇಳಿಜಾರಿನಲ್ಲಿ ಸಮತಟ್ಟು ಜಾಗ ಬೇಕಾಗಿತ್ತು, ಹೀಗಾಗಿ ಡೆಕ್ ಬಂತು. ನೆರಳು ಮರದಿಂದಲೇ ಸಿಕ್ಕಿತು. ಇಲಿನಾಯ್‌ನ ನೆಲ ರೊಟ್ಟಿಯ ಹಾಗೆ ಚಪ್ಪಟೆ. ಕೆಳಗೆ ಬೇಸ್‌ಮೆಂಟ್ ಇರುವುದರಿಂದ ಮನೆಯ ನೆಲ ಮಾತ್ರ ಎರಡು ಮೂರಡಿ ಮೇಲಿರುತ್ತದೆ. ಆ ಎತ್ತರಕ್ಕೇ ಡೆಕ್ ಎಳೆದರೆ ನಾಟಕದ ರಂಗದ ಮೇಲೆ ಕುಳಿತ ಹಾಗೆ. ನಾಲ್ಕು ಮನೆಯವರಿಗೂ ನಾವು ಕಾಣುತ್ತೇವೆ, ಬೇಲಿ ನಮ್ಮ ಸೊಂಟದ ಕೆಳಗೆ ಉಳಿಯುತ್ತದೆ. ಹಾಗಾಗಿಯೇ ಸಂಜೆ ಹೊತ್ತು ಈ ಬಡಾವಣೆಗಳಲ್ಲಿ ನಡೆದು ಹೋದರೆ ಎಷ್ಟೋ ದೊಡ್ಡ ಡೆಕ್ಕುಗಳ ಮೇಲೆ ಮುಚ್ಚಿಟ್ಟ ಗ್ರಿಲ್ ಒಂದೇ ನಿಂತಿರುವುದು. ನೆರಳೂ ಇಲ್ಲ. ಎಮರಾಲ್ಡ್ ಆಶ್ ಬೋರರ್ ಎಂಬ ಹಸಿರು ಜೀರುಂಡೆ 2006ರಲ್ಲಿ ಇಲಿನಾಯ್‌ನಲ್ಲಿ ಕಾಣಿಸಿಕೊಂಡ ಮೇಲೆ ಈ ಬೀದಿಗಳ ಆಶ್ ಮರಗಳು ಸಾಲುಸಾಲಾಗಿ ಸತ್ತವು. ನಮ್ಮ ಹಿತ್ತಿಲ ಪಶ್ಚಿಮದಲ್ಲೂ ಒಂದರ ಬುಡ ಮಾತ್ರ ಉಳಿದಿತ್ತು.

ನೆಲದಿಂದ 30 ಇಂಚಿಗಿಂತ ಎತ್ತರದ ಡೆಕ್ಕಿಗೆ ಕಟಕಟೆ ಕಡ್ಡಾಯ. 36 ಇಂಚು ಎತ್ತರ, ನಾಲ್ಕು ಇಂಚಿನ ಚೆಂಡು ತೂರದಷ್ಟು ಒತ್ತಾದ ಸರಳುಗಳು. ಡೆಕ್ ತಗ್ಗಿಸಿದರೆ ಕಟಕಟೆಯೇ ಬೇಕಿಲ್ಲ, ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಬಹುದು. ನಾವು ಹಾಗೇ ಮಾಡಿದೆವು. ಹೊಸ ಡೆಕ್ ಹದಿನಾಲ್ಕಕ್ಕೆ ಹನ್ನೆರಡು, ನೆಲದಿಂದ 18 ಇಂಚು, ಮನೆಗೆ ತಾಗಿಲ್ಲ. ಬಾಗಿಲಾಚೆ ಕಿರಿದಾದ ಒಂದು ಕಟ್ಟೆ, ಅಲ್ಲಿಂದ ಅಗಲವಾದ ಮೆಟ್ಟಿಲು. ಮೆಟ್ಟಿಲ ಎತ್ತರ ಏಳೂಮುಕ್ಕಾಲು ಇಂಚಿನ ತನಕ ಇರಬಹುದು ಎನ್ನುತ್ತದೆ ನಿಯಮ; ನಾವು ಆರೇ ಇಂಚು ಇಟ್ಟೆವು, ಅಮ್ಮನ ಮಂಡಿಗೆ. ಕಟ್ಟುವ ಮೊದಲು ತೋಟದ ನೀರಿನ ಪೈಪನ್ನು ಹುಲ್ಲಿನ ಮೇಲೆ ಚೌಕವಾಗಿ ಹಾಸಿ, ಒಳಗೆ ಊಟದ ಮೇಜು ಕುರ್ಚಿ ಇಟ್ಟು ಒಂದು ತಿಂಗಳು ಅಲ್ಲೇ ಕುಳಿತೆವು. ಹನ್ನೆರಡು ಅಡಿ ಆಳ ಸಾಕು ಎಂದು ಹಾಗೆ ತಿಳಿಯಿತು. ಸಂಜೆಯ ಬಿಸಿಲು ಎಲ್ಲಿ ಚುಚ್ಚುತ್ತದೆ ಎಂದೂ ತಿಳಿದು, ಡೆಕ್ಕನ್ನು ಬಾಗಿಲ ನೇರಕ್ಕೆ ಇಡದೆ ಪಕ್ಕದ ಮೇಪಲ್ ನೆರಳಿಗೆ ಸರಿಸಿದೆವು.

ಮನೆಗೆ ತಾಗದ ಡೆಕ್ಕಿಗೆ ಲೆಡ್ಜರೇ ಇಲ್ಲ, ಅದರ ಚಿಂತೆಯೂ ಇಲ್ಲ. ಇಲ್ಲಿನ ಎಷ್ಟೋ ಮನೆಗಳ ಗೋಡೆಗೆ ಹೊರಗಡೆ ಒಂದೇ ಪದರದ ಇಟ್ಟಿಗೆಯ ಅಲಂಕಾರವಿದೆ. ಆ ಇಟ್ಟಿಗೆಗೆ ಲೆಡ್ಜರ್ ಬಿಗಿಯಲೇಬಾರದು, ಅದು ಭಾರ ಹೊರುವ ಗೋಡೆಯಲ್ಲ. ಅಂಥವರಿಗೆಲ್ಲ ಇದೇ ದಾರಿ. ಕಂಬಗಳು ಎರಡು ಸಾಲು ಬೇಕಾಗುತ್ತವೆ, ಗುಂಡಿ ಹೆಚ್ಚು ತೋಡಬೇಕು. ಶಿಕಾಗೊ ಸೀಮೆಯಲ್ಲಿ ಚಳಿಗಾಲಕ್ಕೆ ನೆಲ ಹೆಪ್ಪುಗಟ್ಟಿ ಉಬ್ಬುತ್ತದೆ. 2019ರ ಜನವರಿ 30ರಂದು ಓ'ಹೇರ್ ವಿಮಾನನಿಲ್ದಾಣದಲ್ಲಿ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದಿತ್ತು. ಆ ಉಬ್ಬಿಗೆ ಸಿಗದಂತೆ ಪಾಯ 42 ಇಂಚು ಆಳಕ್ಕೆ ಹೋಗಬೇಕು. 811ಕ್ಕೆ ಕರೆ ಮಾಡಿ ನೆಲದಡಿಯ ಗ್ಯಾಸ್, ಕರೆಂಟಿನ ಗುರುತು ಹಾಕಿಸಿ ಗುಂಡಿ ತೋಡಿದೆವು. ಕಾಂಕ್ರೀಟ್ ಸುರಿಯುವ ಮೊದಲು ವಿಲೇಜ್ ಕಚೇರಿಯ, ಅಂದರೆ ಇಲ್ಲಿನ ಪುರಸಭೆಯ, ಇನ್‌ಸ್ಪೆಕ್ಟರ್ ಬಂದು ಅಳೆದರು. ಒಂದು ಗುಂಡಿ 39 ಇಂಚಿತ್ತು. ಇನ್ನೂ ಮೂರು ಇಂಚು ತೋಡಿಸಿದರು. ಅನೇಕರು ಪರ್ಮಿಟ್ ಎಂದರೆ ಕಿರುಕುಳ ಎನ್ನುತ್ತಾರೆ. ಆ ಮೂರು ಇಂಚಿಗಾಗಿ ನಾನು ಅವರಿಗೆ ಋಣಿ.

ಕಾಂಕ್ರೀಟಿನ ಮೇಲೆ ಲೋಹದ ಕಾಲುಪೀಠ ಕೂರಿಸಿ, ಕಂಬದ ಬುಡ ಒಂದು ಇಂಚು ಮೇಲೆ ನಿಲ್ಲುವಂತೆ ಮಾಡಿದಾಗ ಅಪ್ಪ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು ನೋಡಿದರು. "ನಮ್ಮ ಜಗಲಿ ಕಂಬಕ್ಕೆ ಅಡಿಗಲ್ಲು ಇಟ್ಟಿದ್ದೂ ಇದಕ್ಕೇ. ನಿನ್ನಜ್ಜ ಇಟ್ಟಿದ್ದು, ಇನ್ನೂ ಹಾಗೇ ಇದೆ." ಆ ಕಂಬಗಳ ಮೇಲೆ ನಾಲ್ಕಡಿ ಚಾಚಿದ ಸೂರು ಇದೆ, ಆಗುಂಬೆ ಕಡೆಯ ಮಳೆಯಲ್ಲೂ ಬುಡಕ್ಕೆ ಹನಿ ತಾಗುವುದಿಲ್ಲ. ಇಲ್ಲಿನ ಡೆಕ್ಕಿಗೆ ಸೂರಿಲ್ಲ. ಅದಕ್ಕೇ ನೀರು ನಿಲ್ಲದೆ ಹರಿದು ಹೋಗಲು ಹಲಗೆಯ ನಡುವೆ ಸಂದಿ, ಕೆಳಗೆ ಗಾಳಿಗೆ ದಾರಿ, ಅಂಚಿನಲ್ಲಿ ಎಲೆ ಕಸ ಸೇರದಂತೆ ವರ್ಷಕ್ಕೆರಡು ಸಲ ಕಡ್ಡಿ ಹಾಕಿ ಕೆದಕುವುದು.

ಕಳೆದ ಮೇ ತಿಂಗಳಲ್ಲಿ ಎರಡು ಬೀದಿಯಾಚೆಯ ಹಾಸನದ ಗೆಳೆಯರು ಐದು ಮಾದರಿ ತುಂಡುಗಳನ್ನು ಚೀಲದಲ್ಲಿ ಹಿಡಿದುಕೊಂಡು ಬಂದರು. ಬೂದು, ತಿಳಿ ಬೂದು, ಕಂದು, ಕೆಂಗಂದು, ಮರಳಿನ ಬಣ್ಣ. "ಹಳೇ ಹಲಗೆ ತೆಗೆಸಿ ಇದು ಹಾಕಿಸೋಣ ಅಂತ. ಯಾವುದು ಚೆನ್ನಾಗಿರುತ್ತೆ, ನೀವೇ ಹೇಳಿ ಸಾರ್." ನಾನು ಗ್ಯಾರೇಜಿಗೆ ಹೋಗಿ ಟಾರ್ಚು, ಸ್ಕ್ರೂಡ್ರೈವರ್ ತಂದೆ. ಇಬ್ಬರೂ ಅವರ ಮನೆಗೆ ನಡೆದು ಹೋಗಿ ಡೆಕ್ಕಿನ ಕೆಳಗೆ ಮಲಗಿದೆವು. ಲೆಡ್ಜರ್ ಗಟ್ಟಿಯಾಗಿತ್ತು, ಸ್ಕ್ರೂಡ್ರೈವರ್ ತುದಿ ಕಾಲು ಇಂಚೂ ಇಳಿಯಲಿಲ್ಲ. ಅವರ ಮುಖ ಅರಳಿತು. ಆಮೇಲೆ ಈ ತುದಿಯಿಂದ ಆ ತುದಿಗೆ ಟಾರ್ಚ್ ಹಾಯಿಸುತ್ತಾ ಬೋಲ್ಟ್ ಎಣಿಸಿದೆವು. ಹದಿನಾಲ್ಕು ಅಡಿ ಉದ್ದಕ್ಕೂ ಒಂದೂ ಇರಲಿಲ್ಲ, ಬರೀ ಮೊಳೆ. ಅವರು ಸ್ವಲ್ಪ ಹೊತ್ತು ಹಾಗೇ ಅಂಗಾತ ಮಲಗಿದ್ದು, "ಸೋಮವಾರ ವಿಲೇಜ್ ಆಫೀಸು ಎಷ್ಟು ಗಂಟೆಗೆ ತೆಗೀತಾರೆ?" ಎಂದು ಕೇಳಿದರು.